ಎಡಗಡೆ ಬಾಗಿಲೊಂದು ಬಿಟ್ಟು

ಕಾರಿಗೆ ಪಾರದರ್ಶಕ ಫಿಲ್ಮ್ ಅಂಟಿಸುವ ಅಂಗಡಿಯಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು.

“ಕಣ್ಣಿಗೇ ಕಾಣದ ಪ್ಲಾಸ್ಟಿಕ್ಕು. ಅಂಟಿಸಿದ್ನೋ ಇಲ್ವೋ ಗೊತ್ತಾಗೋದು ಹೇಗೆ? ಟೋಪಿ ಹಾಕ್ತಿದಾನೆ ಕಣ್ರೀ.”

“ಗೀರು ಬೀಳಲ್ವಂತೆ ಕಣೇ. ಗ್ಯಾರಂಟಿ ಕೊಡ್ತಾನೆ.”

“ಪೂರ್ತಿ ಕಾರಿಗಾ?”

“ಎಡಗಡೆ ಬಾಗಿಲೊಂದು ಬಿಟ್ಟು.”

“ನೋಡಿದ್ರಾ! ಆ ಬಾಗಿಲೇನು ಪಾಪ ಮಾಡಿತ್ತು?”

“ಅದು ಕಂಪನಿ ಪೇಂಟಲ್ವಂತೆ. ಯಾರೋ ಆಮೇಲೆ ಹೊಡೆಸಿದಾರಂತೆ. ಮುಂದೆ ಫಿಲ್ಮ್ ತೆಗೆದ್ರೆ ಬಣ್ಣಾನೂ ಕಿತ್ಕೊಂಡು ಬರುತ್ತಂತೆ.”

“ಸುಳ್ಳು! ಒಂದು ಗೀರೂ ಬಿದ್ದಿಲ್ಲ ಅಂತ ಆಣೆ ಮಾಡಿ ಮಾರಿದ್ನಲ್ಲ ನಮ್ಮಣ್ಣ!”

ಗಂಡ ಚಾವಣಿ ನೋಡಿದ.

ಆಕೆ ಎದ್ದು ಹೋಗಿ ಆ ಬಾಗಿಲ ಮೇಲೆ ಕೈಯಾಡಿಸಿದಳು. ಆಮೇಲೆ ಪಕ್ಕದ ಬಾಗಿಲ ಮೇಲೆ.

“ಫಿಲ್ಮೂ ಬೇಡ, ಏನೂ ಬೇಡ. ನಡೀರಿ ಅಣ್ಣನ ಮನೆಗೆ.”

“ಅಂಟಿಸೋಕೆ ಮುಂಚೇನೇ ಬಣ್ಣ ಬಯಲಾಯ್ತಲ್ಲೇ,” ಎನ್ನುತ್ತಾ ಅವನು ಕಾರು ಹೊರಡಿಸಿದ.