ಹದಿಮೂರನೇ ಹಾಜರಿ

ಅಲ್ಲ ಕಣೇ, ಇಡೀ ಬಸ್ಸೇ ಗೈಡಿನ ತಪ್ಪು ಅಂತಿದೆ. ಮೂವತ್ತೊಂದು ಜನ ಒಂದೇ ಮಾತು ಆಡ್ತಿರುವಾಗ ನೀನೊಬ್ಬಳು ಹೀಗೆ ತುಟಿ ಹೊಲಿದುಕೊಂಡು ಕೂತರೆ ನಾನು ಏನಂತ ತಿಳ್ಕೊಳ್ಳಲಿ? ಆ ಪೊಲೀಸ್ ಹೆಂಗಸು ನಿನ್ನನ್ನ ಕೆಳಗೆ ಲಾಬಿಯಲ್ಲಿ ಬಿಟ್ಟು ಹೋಗಿ ಒಂದು ಗಂಟೆ ಆಯ್ತು. ಒಂದು ಮಾತು... ಒಂದೇ ಒಂದು ಮಾತು ಆಡಿದೀಯಾ? ನನ್ನ ಹತ್ರ ಬಿಡು, ಗೈಡಿನ ಹತ್ರ? ಹಲ್ಲಿನ ಡಾಕ್ಟರ ಹೆಂಡತಿ ನಿನ್ನ ಕೈ ಹಿಡ್ಕೊಂಡು ಗೊಳೋ ಅಂದಳಲ್ಲ, ಅವಳ ಹತ್ರಾನಾದ್ರೂ? ಇಲ್ಲ. ಸರಿ, ನೀರು ಕುಡಿ. ನಿನಗೆ ತಣ್ಣೀರು ಆಗಿಬರಲ್ಲ ಅಂತ ಕೆಟಲ್ಲಿನಲ್ಲಿ ಬಿಸಿ ಮಾಡಿದೀನಿ.

ಬೇಡ್ವಾ? ಇರಲಿ, ಇಲ್ಲೇ ಇಟ್ಟಿರ್ತೀನಿ.

ಕಷ್ಟ ಆಗಿದೆ, ಗೊತ್ತು. ನಾಲ್ಕು ಗಂಟೆ ಹೊತ್ತು ಕಂಡರಿಯದ ಊರಿನ ಚೌಕದಲ್ಲಿ ಒಬ್ಬಳೇ... ಭಾಷೆ ಬರಲ್ಲ, ಭಾರ ಅಂತ ನೀನು ನಿನ್ನ ಫೋನು ನನ್ನ ಬ್ಯಾಗಿನಲ್ಲಿ ಹಾಕಿದ್ದೆ... ಯಾರಿಗಾದ್ರೂ ಎದೆ ಒಡೆಯುತ್ತೆ. ನನಗೇನು ಸಂಕಟ ಆಗಲಿಲ್ಲ ಅಂದ್ಕೊಂಡಿದೀಯಾ? ಓರಗಿತ್ತಿ ಅನ್ನೋದು ಹೆಸರಿಗೆ, ನಲವತ್ತೆರಡು ವರ್ಷ ಒಂದೇ ಒಲೆ ಮುಂದೆ ಬೆಂದವರು ನಾವು. ಹಾಲು ಉಕ್ಕಿಸದೆ ಕಾಯಿಸೋದನ್ನ ನಿನಗೆ ಕಲಿಸಿದವಳು ಯಾರು?

ಹ್ಞಾಂ, ಈ ಕಾಗದ. ದೂರು. ಪ್ರವಾಸದ ಕಂಪನಿಗೆ ಕೊಡೋದು, ಇನ್ನು ಮುಂದೆ ಈ ಗೈಡನ್ನ ಕೆಲಸಕ್ಕೆ ಇಟ್ಕೋಬಾರದು ಅಂತ. ಎಲ್ಲರೂ ಸಹಿ ಹಾಕಿದಾರೆ ನೋಡು. ಒಕ್ಕಣೆ ನನ್ನದೇ, ಅದು ಬೇರೆ ಹೇಳಬೇಕಾ? ಒಂದು ಕಾಗುಣಿತದ ತಪ್ಪು ತೋರಿಸಲಿ ಯಾರಾದ್ರೂ. ನಿನ್ನ ಸಹಿ ಒಂದು ಬಾಕಿ. ಇಲ್ಲಿ, ಕೆಳಗೆ. ಪೆನ್ನು ತಗೋ.

ಯಾಕೆ ತಲೆ ಅಲ್ಲಾಡಿಸ್ತೀಯಾ? ಅವನಿಗೆ ಹೆಂಡತಿ ಮಕ್ಕಳಿದಾರೆ ಅಂತಾನಾ? ನಿನಗೆ ಮಕ್ಕಳಿಲ್ವಾ? ಹಾಜರಿ ತೆಗೆದುಕೊಂಡು, ಮೂವತ್ತೆರಡೂ ಸರಿಯಿದೆ ಅಂತ ಬಸ್ಸು ಹೊರಡಿಸಿದವನು ಅವನು. ಎರಡು ಗಂಟೆ ದಾರಿ ಬಂದು, ಇಲ್ಲಿ ಹೋಟೆಲ್ ಬಾಗಿಲಲ್ಲಿ ಇಳಿಯುವಾಗ ನೀನಿಲ್ಲ ಅಂತ ಗೊತ್ತಾದ್ರೆ ತಪ್ಪು ಯಾರದು?

ಹಾಜರಿ ಪದ್ಧತಿಯೇ ಸರಿಯಿಲ್ಲ ಅಂತ ಯಾರೋ ಗೊಣಗಿದರಂತೆ. ಅಬ್ಬಾ! ಮೊದಲ ದಿನ ನೆನಪಿದೆಯಾ? ಬಸ್ಸಿನ ಮಧ್ಯೆ ನಿಂತು ಬೆರಳು ತೋರಿಸಿ ಕುರಿ ಎಣಿಸಿದ ಹಾಗೆ ಎಣಿಸ್ತಿದ್ದ. ಎರಡು ಸಲ ಎಣಿಸಿದ್ರೆ ಎರಡು ಲೆಕ್ಕ, ಒಂದು ಸಲ ಡ್ರೈವರನ್ನೂ ಪ್ರವಾಸಿ ಮಾಡಿಬಿಟ್ಟಿದ್ದ. ಆಗ ಎದ್ದು ನಿಂತವಳು ನಾನು. ಸ್ವಾಮಿ, ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಹಾಜರಿ ಕೂಗಿದವಳು ಹೇಳ್ತಿದೀನಿ, ಒಬ್ಬೊಬ್ಬರಿಗೂ ಒಂದು ನಂಬರ್ ಕೊಡಿ, ನೀವು ಕೂಗಿ, ಅವರು ಹಾಜರ್ ಅನ್ನಲಿ ಅಂದೆ. ನನ್ನ ಕ್ಲಾಸಿನಲ್ಲಿ ಒಬ್ಬನ ಹಾಜರಿ ಇನ್ನೊಬ್ಬ ಕೂಗಿ ದಕ್ಕಿಸಿಕೊಂಡಿದ್ದು ಒಂದು ದಿನ ಇಲ್ಲ. ಧ್ವನಿಯಲ್ಲೇ ಹಿಡೀತಿದ್ದೆ. ಇವನಿಗೆ ಆ ಕಿವಿ ಇಲ್ಲ, ಅಷ್ಟೇ.

ಹಾಗಾದ್ರೆ ನಿನ್ನ ನಂಬರು ಹದಿಮೂರಕ್ಕೆ ಹಾಜರ್ ಅಂದವರು ಯಾರು ಅಂತೀಯಾ? ನನ್ನ ಕೇಳಿದ್ರೆ, ನಮ್ಮ ಹಿಂದಿನ ಸೀಟಿನ ಬ್ಯಾಂಕ್ ಮ್ಯಾನೇಜರು. ಅವರದು ಹದಿನಾಲ್ಕು. ಬ್ಯಾಟರಿ ಉಳಿಸೋಕೆ ಅಂತ ಕಿವಿಯ ಮೆಷಿನ್ನು ತೆಗೆದು ಕರ್ಚೀಫಿನಲ್ಲಿ ಗಂಟು ಕಟ್ಟಿ ಇಟ್ಕೊಂಡಿರ್ತಾರೆ, ಇನ್ನು ಹದಿಮೂರೋ ಹದಿನಾಲ್ಕೋ ಏನು ಕೇಳಿಸುತ್ತೆ? ಗೈಡು ವಿಚಾರಿಸಿದ್ದೇ ತಡ, ನಾನಲ್ಲ ನಾನಲ್ಲ ಅಂತ ಬೆವರಿದ್ರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡರಂತೆ. ಗೈಡು ಏನೋ ಹೆಂಗಸಿನ ಧ್ವನಿ ಕೇಳಿಸ್ತು ಅಂತಾನೆ. ಬ್ಯಾಂಕಿನವರ ಧ್ವನಿಯೇ ಹಾಗಲ್ವಾ, ಸಣ್ಣಗೆ...

ಹಾಗೆ ನೋಡಬೇಡ. ನೀನು ಹೀಗೆ ನೋಡಿದ್ರೆ ನನಗೆ ಮಾತು ತಪ್ಪುತ್ತೆ.

ಒಂದು ಹೇಳಲಾ? ಈ ಪ್ರವಾಸವೇ ಬೇಡವಾಗಿತ್ತು. ಹಿರಿಯರ ಸಾಂಸ್ಕೃತಿಕ ಪ್ರವಾಸವಂತೆ! ಬ್ರೋಷರ್ ತುಂಬ ಸಂಸ್ಕೃತಿ, ಬಸ್ಸು ತುಂಬ ಮಂಡಿ, ಮಾತ್ರೆ, ಮೂತ್ರದ ಚಿಂತೆ. ಗೈಡು ಇದು ಐನೂರು ವರ್ಷದ ಚಿತ್ರ ಅಂದ್ರೆ, ಕೂರೋಕೆ ಬೆಂಚಿದೆಯಾ ಅಂತಾರೆ. ನಾನು ಹೊರಡೋ ಮೊದಲು ಎರಡು ತಿಂಗಳು ಓದಿ, ಒಂದೊಂದು ಊರಿಗೂ ಟಿಪ್ಪಣಿ ಮಾಡ್ಕೊಂಡು ಬಂದೆ. ಆ ಕಲ್ಲಿನ ವೀರನ ಮುಂದೆ ನಿಂತು ಓದೋಕೆ ಶುರು ಮಾಡಿದ್ರೆ ಮೂರು ಜನ ನಿಂತಲ್ಲೇ ಆಕಳಿಸಿದ್ರು. ನೀನು ಬಂದು, ಪಾಪ ಎಷ್ಟು ವರ್ಷದಿಂದ ನಿಂತಿದಾನೋ, ಇವನಿಗೂ ಮಂಡಿ ಹಿಡಿದಿರಬೇಕು ಅಂದೆ. ಇಡೀ ಗುಂಪು ನಕ್ಕಿತು. ಅವತ್ತಿಂದ ನಾನು ಯಾರು? ಅವಳ ಅಕ್ಕ. ಬೆಳಗಾದರೆ, ನಿಮ್ಮ ತಂಗಿ ಎಲ್ಲಿ ಮೇಡಂ, ಎದ್ದರಾ, ತಿಂಡಿಗೆ ಬರ್ತಾರಾ...

ಇರಲಿ ಬಿಡು, ಅದೆಲ್ಲ ಈಗ್ಯಾಕೆ.

ನಿನ್ನ ಮಗಳು ಎರಡು ಸಲ ಫೋನ್ ಮಾಡಿದಳು. ದೊಡ್ಡಮ್ಮ, ಅಮ್ಮ ಎಲ್ಲಿ ಅಂತ. ಸ್ನಾನಕ್ಕೆ ಹೋಗಿದಾಳೆ ಅಂದೆ. ಎರಡನೇ ಸಲಾನೂ ಸ್ನಾನ ಅಂದೆ, ಬೇರೇನೂ ಹೊಳೀಲಿಲ್ಲ. ಇಬ್ಬರಿಗೂ ಟಿಕೆಟ್ ಮಾಡಿಸಿ, ದೊಡ್ಡಮ್ಮ ಜೊತೆಗಿದ್ರೆ ಅಮ್ಮನ ಚಿಂತೆ ನನಗಿಲ್ಲ ಅಂದವಳು ಅವಳು. ಅವಳಿಗೆ ಏನು ಹೇಳೋದು? ನಾನು ಯೋಚಿಸಿಟ್ಟಿದೀನಿ. ಗೈಡಿನದು ಮುಕ್ಕಾಲು ಪಾಲು, ನಿನ್ನದು ಕಾಲು ಪಾಲು ಅನ್ನೋಣ. ಬೇಜಾರು ಮಾಡ್ಕೋಬೇಡ, ನಿನ್ನದೂ ಇದೆ. ಬಸ್ಸು ಹೊರಡೋ ಹೊತ್ತಿಗೆ ಯಾರಾದ್ರೂ ಆ ಗಡಿಯಾರದ ಗೋಪುರದ ಕೆಳಗೆ, ಎಡಗಾಲಿನ ಶೂ ಬಿಚ್ಚಿ ಬೋರಲು ಹಾಕಿ, ಕಲ್ಲು ಕೊಡವ್ತಾ ಕೂತಿರ್ತಾರಾ? ಅದೂ ಬಸ್ಸಿಗೆ ಬೆನ್ನು ಹಾಕಿ? ಆಮೇಲೆ ಲೇಸು ಕಟ್ಟೋಕೆ ಬಗ್ಗೋಕಾಗದೆ...

ಏನು? ಯಾಕೆ ತಟಕ್ಕನೆ ತಲೆ ಎತ್ತಿದೆ?

ಶೂ ವಿಷಯ ನೀನೇ ಹೇಳಿದೆಯಲ್ಲ. ಆಗಲೇ, ಲಾಬಿಯಲ್ಲಿ... ಹೇಳಲಿಲ್ವಾ? ಹಾಗಾದ್ರೆ ಆ ಪೊಲೀಸ್ ಹೆಂಗಸು ಹೇಳಿರಬೇಕು. ಅವಳ ಭಾಷೆ ನನಗೆ...

ಬರಲ್ಲ. ಹೌದು, ಬರಲ್ಲ.

ನೀನು ಬಂದಾಗಿನಿಂದ ಒಂದು ಮಾತೂ ಆಡಿಲ್ಲ. ನಾನೇ ಹೇಳ್ತಿದ್ದೆ ಅಲ್ವಾ ಆಗಿನಿಂದ, ಒಂದು ಮಾತೂ ಆಡಿಲ್ಲ, ಒಂದು ಮಾತೂ ಆಡಿಲ್ಲ ಅಂತ... ಬಾಯಿಬಿಟ್ಟರೆ ಬಣ್ಣಗೇಡು ಅಂತ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸಿದವಳು ನಾನು.

ಕಾಣ್ತಿದ್ದೆ ಕಣೇ. ಕಿಟಕಿಯಿಂದ ಸರಿಯಾಗಿ ಕಾಣ್ತಿದ್ದೆ. ಹಿಂದಿನ ಬಸ್ಸು ಒಂದೇ ಸಮ ಹಾರ್ನ್ ಹೊಡೀತಿತ್ತು, ಗೈಡು ಪಟ್ಟಿ ನೋಡ್ತಾ ಅವಸರದಲ್ಲಿ ಕೂಗ್ತಿದ್ದ. ಹನ್ನೆರಡು ಅಂದ, ಹಾಜರ್ ಅಂದೆ. ಅವನು ತಲೆ ಎತ್ತಲಿಲ್ಲ. ಹದಿಮೂರು ಅಂದಾಗ ಮಾತ್ರ ದಿನಾ ತಲೆ ಎತ್ತಿ ನಗ್ತಾನೆ. ಅವನು ತಲೆ ಎತ್ತೋ ಮೊದಲೇ ನಾನು ಹಾಜರ್ ಅಂದುಬಿಟ್ಟೆ. ನಿನ್ನ ಧ್ವನಿಯಲ್ಲಿ. ಚೆನ್ನಾಗೇ ಬಂತು, ಇಷ್ಟು ವರ್ಷ ಕೇಳಿದೀನಲ್ಲ.

ಮುಂದಿನ ತಿರುವಿನಲ್ಲಿ ನಿಲ್ಲಿಸಿ ಅನ್ನೋಣ ಅಂದ್ಕೊಂಡೆ, ನಿನ್ನಾಣೆ. ನೀನಿಲ್ಲದ ಬಸ್ಸು ಹೇಗಿರುತ್ತೆ ನೋಡಬೇಕಿತ್ತು, ಅಷ್ಟೇ. ತಿರುವು ಬಂತು. ಅಷ್ಟರಲ್ಲಿ ಬ್ಯಾಂಕಿನವರು ಮುಂದೆ ಬಗ್ಗಿ, ಮೇಡಂ, ಆ ಗೋಪುರ ಯಾವ ಕಾಲದ್ದು ಅಂತ ಕೇಳಿದ್ರು. ಏಳು ದಿನದಲ್ಲಿ ಮೊದಲ ಸಲ ಯಾರೋ ನನ್ನನ್ನ ಏನೋ ಕೇಳಿದ್ರು. ಗಂಟು ಬಿಚ್ಚಿ, ಮೆಷಿನ್ನು ಕಿವಿಗೆ ಹಾಕ್ಕೊಂಡು ಕೂತು ಕೇಳಿದ್ರು ಕಣೇ. ಹೇಳ್ತಾ ಹೋದೆ. ಇನ್ನೊಂದು ತಿರುವು ಹೋಯ್ತು, ಹೆದ್ದಾರಿ ಬಂತು. ಆಮೇಲೆ ಹೇಳಿದ್ರೆ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ರಿ ಅಂತಾರೆ. ನಿಮ್ಮ ತಂಗಿ ಎಲ್ಲಿ ಅಂತ ಹಲ್ಲಿನ ಡಾಕ್ಟರ ಹೆಂಡತಿ ಕೇಳಿದಾಗ, ಕೊನೇ ಸೀಟಿನಲ್ಲಿ ಕಾಲು ಚಾಚಿ ಮಲಗಿದಾಳೆ, ಎಬ್ಬಿಸಬೇಡಿ ಅಂದೆ. ನಿನ್ನ ಸ್ವೆಟರು ನನ್ನ ತೊಡೆ ಮೇಲಿತ್ತು.

ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ಈ ವಯಸ್ಸಿನಲ್ಲಿ, ನಾಚಿಕೆಗೇಡು.

ಬೈಯೇ. ಏನಾದ್ರೂ ಅನ್ನು...

ಫೋನು. ಗೈಡೇ ಇರಬೇಕು. ಊಟಕ್ಕೆ ಮೊದಲು ರೂಮಿಗೆ ಫೋನ್ ಮಾಡಿ ಹಾಜರಿ ತಗೋತೀನಿ ಅಂದಿದ್ದ, ಪಾಪ. ಹಲೋ? ಹ್ಞಾಂ, ಹನ್ನೆರಡು, ಹಾಜರ್. ಹದಿಮೂರಾ? ಒಂದು ನಿಮಿಷ.

ತಗೋ. ನಿನ್ನದು ನೀನೇ ಹೇಳು. ಹಾಜರ್ ಅಂತ ಒಂದೇ ಹೇಳ್ತೀಯೋ, ಎಲ್ಲಾನೂ ಹೇಳ್ತೀಯೋ, ನಿನ್ನಿಷ್ಟ.

ತಗೋಳೇ... ಕಾಯ್ತಿದಾನೆ.

ಆಯ್ತು.

ಹಲೋ. ಹೌದು, ನಾನೇ. ಬರ್ಕೊಳ್ಳಿ. ಹದಿಮೂರು ಇಲ್ಲೇ ಇದಾಳೆ. ಮಧ್ಯಾಹ್ನ ಬಸ್ಸಿನಲ್ಲಿ ಇರಲಿಲ್ಲ. ಅವಳ ಹಾಜರಿ ಕೂಗಿದ್ದು... ಹನ್ನೆರಡು.