ಪರೀಕ್ಷೆಯ ಕೋಳಿಗೆ ಸೊಪ್ಪು

ರಾಜಗೋಪಾಲನಗರದ ಬಸ್ ಸ್ಟಾಪಿನಲ್ಲಿ, ಕೋಳಿ ಫೀಡು ಕಂಪನಿಯ ಸಮವಸ್ತ್ರ ತೊಟ್ಟ ಇಬ್ಬರು ಹೆಂಗಸರು ನನ್ನ ಪಕ್ಕದಲ್ಲೇ ನಿಂತಿದ್ದರು. ಚಿಕ್ಕವಳು ರೇಗಿದಳು.

"ವಿಟಮಿನ್ ಎ ಇಲ್ದಿದ್ರೆ ಕೋಳಿಗೆ ಏನಾಗತ್ತೆ ಅಂತ ನೋಡೋದೇ ಪರೀಕ್ಷೆ ಅಲ್ವಾ ಪಿಳ್ಳಮ್ಮಕ್ಕ? ನೀನ್ಯಾಕೆ ಸೊಪ್ಪು ಹಾಕ್ದೆ?"

"ಕಣ್ಣು ಅಂಟ್ಕೊಂಡು, ನೀರಿನ ತಟ್ಟೆ ಕಾಣ್ದೆ ಒದ್ದಾಡ್ತಿದ್ವು. ಒನಗೊನ್ನೆ ಸೊಪ್ಪು ಕಣ್ಣಿಗೆ ಒಳ್ಳೇದು ಅಂತ ನಮ್ಮವ್ವಂಗೇ ಗೊತ್ತಿತ್ತು."

"ಮೂರು ತಿಂಗಳ ಪರೀಕ್ಷೆ ಹಾಳಾಯ್ತು ಅಂತ ಸಾರ್ ಕೂಗಾಡ್ತಿದಾರೆ. ತಪ್ಪಾಯ್ತು ಅಂತ ಬರ್ಕೊಡು, ಕೆಲ್ಸ ಉಳಿಯತ್ತೆ."

"ಬರ್ಕೊಡಲ್ಲ. ಸೊಪ್ಪು ತಿಂದು ಕಣ್ಬಿಟ್ವು ಅಂತ ಬೇಕಾದ್ರೆ ಅವ್ರೇ ಬರ್ಕೊಳ್ಲಿ."

ಬಸ್ ಬಂತು.

"ಚೀಲದಲ್ಲಿ ಏನದು?"

"ಸೊಪ್ಪು. ಇನ್ನೂ ಆರು ಕೋಳಿ ಕಣ್ಬಿಟ್ಟಿಲ್ಲ," ಎಂದು ಪಿಳ್ಳಮ್ಮ ಬಸ್ ಹತ್ತಿದಳು.