ಸುಮತಿಯ ಬಟನ್

ನಂಬೋದು ಬಿಡೋದು ನಿಮ್ಮಿಷ್ಟ. ನನ್ನ ಚಿಕ್ಕಪ್ಪನ ಮಗ ಗಿರಿಧರ ಸುಳ್ಳು ಹೇಳೋನಲ್ಲ. ಸುಳ್ಳಿಗೆ ಬೇಕಾಗುವಷ್ಟು ಮಾತೇ ಅವನ ಹತ್ರ ಇಲ್ಲ!

ಚೆನ್ನೈನ ವೆಸ್ಟ್ ಮಾಂಬಲಂನ ಹಳೇ ಫ್ಲ್ಯಾಟಿನಲ್ಲಿ ಒಬ್ಬನೇ ಇದಾನೆ. ಗಿಂಡಿಯಲ್ಲಿ ಕೆಲಸ, ವೈರ್ ಇಲ್ಲದೆ ಮಾತಾಡೋ ಸ್ವಿಚ್ಚುಗಳ ಪರೀಕ್ಷೆ. ಅವನ ಮನೇಲೂ ಎಲ್ಲ ಅದೇ, ಜಿಗ್‌ಬೀ ಅಂತಾರೆ. ಒಂದು ಸ್ವಿಚ್ಚಿನ ಸುದ್ದೀನ ಪಕ್ಕದ್ದು ಕೇಳಿಸಿಕೊಂಡು ಮುಂದಕ್ಕೆ ದಾಟಿಸುತ್ತೆ, ಕೊನೆಗೆ ಹಬ್ ಅನ್ನೋ ಡಬ್ಬಿಗೆ ಮುಟ್ಟುತ್ತೆ.

ಹೆಂಡತಿ ಸುಮತಿ ಹಾಸಿಗೆ ಹಿಡಿದಾಗ ಅವಳ ಕೈಗೂ ಒಂದು ಪುಟ್ಟ ಬಟನ್ ಕೊಟ್ಟಿದ್ದ. ಒತ್ತಿದ್ರೆ ಇವನ ಫೋನ್ ಕೂಗಬೇಕು. ಕೊನೇ ದಿನ ಅವಳು ಒತ್ತಿದಳು… ಇವನು ಮೀಟಿಂಗಲ್ಲಿದ್ದ, ಫೋನ್ ಸೈಲೆಂಟು. ಓಡಿ ಬಂದಾಗ ಅವಳ ಮುಷ್ಟಿ ಬಿಗಿದಿತ್ತು. ಬಿಡಿಸೋಕೆ ಯಾರಿಗೂ ಮನಸ್ಸಾಗಲಿಲ್ಲ. ಬಟನ್ ಅವಳ ಜೊತೆಗೇ ಸುಟ್ಟು ಬೂದಿಯಾಯ್ತು. "ಇನ್ನೊಂದೇ ಸಲ ಕರೀಲಿ ಅಕ್ಕಾ, ಈ ಸಲ ಅಲ್ಲೇ ಇರ್ತೀನಿ," ಅಂತ ನನ್ನ ಮುಂದೆ ಎಷ್ಟು ಸಲ ಅತ್ತಿದಾನೋ.

ಹೋದ ಆಷಾಢ. ಬೆಳಿಗ್ಗೆ ಹೊಸ ಸ್ವಿಚ್ಚೊಂದನ್ನ ಸೇರಿಸೋಕೆ ಹಬ್‌ನ ಪೇರಿಂಗ್ ತೆರೆದ. ಅಂಗಡಿ ಹಬ್ ಆದ್ರೆ ಒಂದೆರಡು ನಿಮಿಷಕ್ಕೆ ತಾನೇ ಮುಚ್ಚಿಕೊಳ್ಳುತ್ತೆ. ಇವನದು ಆಫೀಸಿನ ಟೆಸ್ಟಿಂಗ್ ಹಬ್, ಕೈಯಾರೆ ಮುಚ್ಚಬೇಕು. ಮರೆತು ಕೆಲಸಕ್ಕೆ ಹೋದ. ಇಡೀ ದಿನ ಯಾರು ಬೇಕಾದ್ರೂ ಬಂದು ಸೇರಬಹುದಿತ್ತು…

ರಾತ್ರಿ ಒಂಬತ್ತೂವರೆ. ಸ್ಟೇಷನ್ನಿಂದ ನಡ್ಕೊಂಡು ಬಂದ. ಕಾಂಪೌಂಡಿನ ಬಾವಿ ದಾಟುವಾಗ ಕೆಳಮನೆ ಶಾರದಮ್ಮ ಕಿಟಕಿಯಿಂದ ಪಿಸುಗುಟ್ಟಿದ್ರು.

"ಹಿಂದೆ ಬರ್ತಿರೋದು ಯಾರಪ್ಪ?"

"ಯಾರೂ ಇಲ್ವಲ್ಲಮ್ಮ."

"ಪಾತ್ತು ಹೋಗಪ್ಪ… ಹುಷಾರು."

ಟಪ್. ಕಿಟಕಿ ಮುಚ್ಚಿತು.

ಮೂರನೇ ಮಹಡಿ. ಬೀಗ ತೆಗೆದು ಒಳಗೆ ಕಾಲಿಟ್ಟ. ಫೋನ್ ಟುಣ್ ಅಂತು. ಹೊಸ ಬಟನ್ ಒಂದು ಸೇರಿದೆ, ಪಕ್ಕದಲ್ಲಿ ಅದರ ನಂಬರು. ಫ್ಯಾಕ್ಟರಿಯಲ್ಲೇ ಕೊಡೋ ನಂಬರದು, ಎರಡಕ್ಕೆ ಒಂದೇ ಇರಲ್ಲ. ಇನ್ನೊಂದು ಸಲ ಓದಿದ. ಸುಮತಿಯ ಬಟನ್ನಿನ ನಂಬರು!

ಅದು ಯಾವ ಸ್ವಿಚ್ಚಿನ ಹತ್ರ ಇದೆ ಅಂತಾನೂ ಫೋನ್ ತೋರಿಸುತ್ತೆ. ಮೆಟ್ಟಿಲು… ಗೋಡೆಯೊಳಗೆ ಟಿಕ್. ಬಾಗಿಲು… ಟಿಕ್. ಹಾಲ್… ಟಿಕ್. ಇವನು ಹಿಂದಕ್ಕೆ ಹಿಂದಕ್ಕೆ ಸರೀತಾ ಮಲಗೋ ಕೋಣೆ ಸೇರಿ ಬಾಗಿಲು ಹಾಕ್ಕೊಂಡ. ತಲೆ ಪಕ್ಕದ ಸ್ವಿಚ್ಚು… ಟಿಕ್.

ಫೋನ್ ಕೂಗೋಕೆ ಶುರುವಾಯ್ತು. ಅವಳು ಒತ್ತಿದ್ರೆ ಮಾತ್ರ ಕೂಗೋ ದನಿ.

ಎಷ್ಟು ದಿನದಿಂದ ಕಾದಿದ್ದ ಕರೆ. ಆದ್ರೆ ಪಾಪ, ಹೆದರಿಬಿಟ್ಟ. "ಬೇಡ… ಬೇಡ…" ಅಂತ ಮೂಲೇಲಿ ಮುದುರಿ ಕೂತ. ಆಮೇಲೆ ಕಣ್ಣು ಮುಚ್ಚಿ ಡಿಲೀಟ್ ಒತ್ತಿದ.

ಅವತ್ತಿಂದ ದಿನಾ ರಾತ್ರಿ ಪೇರಿಂಗ್ ತೆರೆದೇ ಇಡ್ತಾನೆ. ಏನೂ ಬಂದಿಲ್ಲ. ಆಫೀಸಿನೋರು ಹೊಸ ಪದ್ಧತಿಯ ಹಬ್ ಕೊಟ್ಟಿದಾರೆ, ಅದರ ಹೆಸರು ಮ್ಯಾಟರ್ ಅಂತೆ. ಅದರಲ್ಲಿ ಕೋಡ್ ತೋರಿಸದೆ ಯಾವುದೂ ಸೇರೋ ಹಾಗಿಲ್ಲ. ಅದನ್ನ ಇನ್ನೂ ಬಿಚ್ಚೇ ಇಲ್ಲ. "ಬಂದೋಳನ್ನ ನಾನೇ ಆಚೆ ಹಾಕಿದೆ ಅಕ್ಕಾ," ಅಂತಾನೆ.

ಹಬ್ಬಕ್ಕೆ ಹೋದಾಗ ಹಬ್‌ನಲ್ಲಿರೋ ಆ ರಾತ್ರಿಯ ದಾಖಲೆ ತೆಗೆಸಿ ನಾನೇ ಓದಿದೆ. ನನ್ನ ಮಕ್ಕಳಾಣೆ, ಈ ಕಣ್ಣಾರೆ ನೋಡಿದೀನಿ. ಡಿಲೀಟ್ ಒತ್ತಿದ್ದು ಒಂಬತ್ತು ಐವತ್ಮೂರಕ್ಕೆ. ಅದರ ಮೇಲಿನ ಸಾಲು ಒಂಬತ್ತು ಐವತ್ತೆರಡರದ್ದು, ಇವನು ಇನ್ನೂ "ಬೇಡ… ಬೇಡ…" ಅಂತಿದ್ದ ಹೊತ್ತು. ಬಟನ್ ತಾನಾಗಿಯೇ ಹೊರಟುಹೋಗಿದೆ ಅಂತಿತ್ತು.